ಅದೇ ನಂಬರಿನ ಬಣ್ಣ, ಬೇರೆಯೇ ಬೆಳ್ಳಿ

ಕಲಬುರಗಿ ಜಿಲ್ಲೆಯ ಸೇಡಂನಿಂದ ಮಳಖೇಡದ ಕಡೆಗೋ ವಾಡಿಯಿಂದ ಶಹಾಬಾದ್ ಕಡೆಗೋ ದಿನವೂ ಓಡಾಡುವ ಕಾರಿನ ಬಾನೆಟ್ಟನ್ನು ಬಗ್ಗಿ ನೋಡಬೇಕು. ಮುಂದಿನ ಅಂಚಿನ ಉದ್ದಕ್ಕೂ ಒಂದೆರಡು ಮಿಲಿಮೀಟರ್ ಅಗಲದ ಕಪ್ಪು ಚುಕ್ಕೆಗಳು ಕಾಣುತ್ತವೆ. ಸುಣ್ಣಕಲ್ಲು, ಕ್ಲಿಂಕರ್, ಹಾಸುಗಲ್ಲು ಹೊತ್ತು ಹೋಗುವ ಲಾರಿಗಳ ಗಾಲಿಯಿಂದ ಸಿಡಿದ ಹರಳು ಬಡಿದು ಆದ ಗಾಯಗಳವು. ಭೀಮಾ ಕೊಳ್ಳದ ಸುಣ್ಣಕಲ್ಲಿನ ಪದರವೇ ಈ ಸೀಮೆಯ ಬದುಕಿಗೆ ಆಧಾರ. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿಯ ಸಿಮೆಂಟ್ ಕಾರ್ಖಾನೆ 1968ರಿಂದ ಇದೇ ಕಲ್ಲನ್ನು ಸುಡುತ್ತಿದೆ. ಕಲ್ಲಿನ ಲಾರಿಯ ಹಿಂದೆ ಕಾರು ಓಡಿಸುವುದು ಚಿತ್ತಾಪುರದವರಿಗಾಗಲಿ ಕಾಳಗಿ, ಚಿಂಚೋಳಿಯವರಿಗಾಗಲಿ ಹೊಸದಲ್ಲ.

ಚುಕ್ಕೆ ಮುಚ್ಚುವುದು ಸುಲಭವೆಂದೇ ಎಲ್ಲರೂ ಮೊದಲು ತಿಳಿಯುತ್ತಾರೆ. ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಅಂಟಿಸಿದ ಚಿಕ್ಕ ತಗಡಿನಲ್ಲಿ ಬಣ್ಣದ ಕೋಡ್ ಇರುತ್ತದೆ. ಮಾರುತಿ ಸುಜುಕಿಯ ಸಿಲ್ಕಿ ಸಿಲ್ವರ್ ಬಣ್ಣಕ್ಕೆ ‘ಜೆಡ್2ಎಸ್’ ಎಂಬಂಥ ಗುರುತು. ಆ ಕೋಡ್ ಹೇಳಿ ಟಚ್‌ಅಪ್ ಬಾಟಲಿ ತರಿಸಿ, ಮುಚ್ಚಳಕ್ಕೆ ಅಂಟಿಕೊಂಡ ಕುಂಚದಿಂದ ಸವರಿದರೆ ಮುಗಿಯಿತು ಎನ್ನುವುದು ಲೆಕ್ಕ. ಸಾದಾ ಬಿಳಿ ಕಾರಿನಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಬೆಳ್ಳಿ, ಬೂದು, ತಿಳಿನೀಲಿ ಮೆಟಾಲಿಕ್ ಕಾರಿನಲ್ಲಿ ಹಾಗಲ್ಲ. ಒಣಗಿದ ಮೇಲೆ ನೋಡಿದರೆ ಕಲ್ಲೇಟಿನ ಚುಕ್ಕೆ ಹೋಗಿ ಅದಕ್ಕಿಂತ ದೊಡ್ಡದೊಂದು ಮಬ್ಬು ಮಚ್ಚೆ ಕೂತಿರುತ್ತದೆ. ‘ಡಬ್ಬಿ ಮ್ಯಾಲಿನ ನಂಬರ ಅದೇ ಅದ, ಬಣ್ಣ ಮಾತ್ರ ಬ್ಯಾರೆ ಕಾಣ್ಲಕತ್ತದ’ ಎಂಬ ದೂರು ಕಲಬುರಗಿ ಸೀಮೆಯ ಡೆಂಟಿಂಗ್-ಪೇಂಟಿಂಗ್ ಶೆಡ್ಡುಗಳಿಗೆ ಹಳೆಯದು. ಬಣ್ಣ ಕಲಸಿದವನು ಮೋಸ ಮಾಡಿದ ಎಂಬ ಅನುಮಾನವೂ ಅದರ ಬೆನ್ನಿಗೇ ಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಮೋಸ ನಡೆದಿರುವುದಿಲ್ಲ. ಡಬ್ಬಿಯಲ್ಲಿ ಇರುವುದು ಮೆಟಾಲಿಕ್ ಬಣ್ಣದ ಸಾಮಾನು ಮಾತ್ರ. ಬಣ್ಣ ಹುಟ್ಟುವುದು ಆ ಸಾಮಾನು ಕಾರಿನ ಮೈಮೇಲೆ ಒಣಗುವ ಕೆಲವು ನಿಮಿಷಗಳಲ್ಲಿ.

ಕಾರಿನ ಬಣ್ಣವೆಂದರೆ ಒಂದೇ ಪದರವಲ್ಲ. ಉಕ್ಕಿನ ಹಾಳೆಯ ಮೇಲೆ ಮೊದಲು ಸತುವಿನ ಫಾಸ್ಫೇಟಿನ ತೆಳು ಲೇಪ. ಅದರ ಮೇಲೆ, ಇಡೀ ಕಾರಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಕೂರಿಸುವ ತುಕ್ಕುನಿರೋಧಕ ಪದರ, ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಆಮೇಲೆ ಪ್ರೈಮರ್, 30-40 ಮೈಕ್ರಾನ್. ಅದರ ಮೇಲೆ ಬಣ್ಣದ ಬೇಸ್ ಕೋಟ್. ಫಾಸ್ಫೇಟಿನ ಲೇಪ ಬಿಟ್ಟರೆ ಇದೇ ಎಲ್ಲಕ್ಕಿಂತ ತೆಳು, ಬರೀ 12ರಿಂದ 20 ಮೈಕ್ರಾನ್. ಕೊನೆಯಲ್ಲಿ 35-50 ಮೈಕ್ರಾನ್ ದಪ್ಪದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಕೂಡಿಸಿದರೂ ಮಿಲಿಮೀಟರಿನ ಎಂಟನೇ ಒಂದು ಪಾಲಿನ ಆಸುಪಾಸು. ನಮ್ಮ ಕಣ್ಣು ‘ಬಣ್ಣ’ ಎಂದು ಕಾಣುವ ಪದರವಂತೂ ತಲೆಗೂದಲಿನ ದಪ್ಪದ ನಾಲ್ಕನೇ ಒಂದು ಭಾಗದಷ್ಟು.

ಆ ತೆಳು ಪದರದೊಳಗೆ ಅಲ್ಯೂಮಿನಿಯಂ ಚಕ್ಕೆಗಳಿವೆ. ಒಂದೊಂದರ ಅಗಲ 10ರಿಂದ 30 ಮೈಕ್ರಾನ್. ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಇವು ಬಣ್ಣದ ಕಣಗಳಂತೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದಿಲ್ಲ. ಬಂದ ಬೆಳಕನ್ನು ಒಂದು ದಿಕ್ಕಿಗೆ ಹಿಂದಕ್ಕೆ ಎಸೆಯುತ್ತವೆ. ಚಿಂಚೋಳಿ, ಕಾಳಗಿಯ ತಾಂಡಾಗಳ ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿಯ ಮೇಲೆ ಹೊಲಿದ ಕನ್ನಡಿ ಬಿಲ್ಲೆಗಳು ಅವರು ನಡೆದಂತೆಲ್ಲ ಒಮ್ಮೆ ಮಿಂಚಿ ಮರುಕ್ಷಣ ಕಪ್ಪಾಗುತ್ತವಲ್ಲ, ಹಾಗೆಯೇ ಇದು. ಬಿಲ್ಲೆಗಳೆಲ್ಲ ಒಂದೇ ಮಟ್ಟದಲ್ಲಿದ್ದರೆ ಎದುರು ನಿಂತವನಿಗೆ ಒಟ್ಟಿಗೆ ಹೊಳೆಯುತ್ತವೆ, ಬದಿಗೆ ನಿಂತವನಿಗೆ ಒಟ್ಟಿಗೆ ಮಂಕಾಗುತ್ತವೆ. ಒಂದೊಂದೂ ಒಂದೊಂದು ಕಡೆ ವಾಲಿದ್ದರೆ ಎದುರಿನ ಹೊಳಪು ತಗ್ಗುತ್ತದೆ, ಬದಿಯಿಂದ ನೋಡಿದವನಿಗೆ ಅಲ್ಲಲ್ಲಿ ಮಿಣುಕು ಕಾಣುತ್ತದೆ. ಬಿಲ್ಲೆ ಅವೇ, ಬಟ್ಟೆ ಅದೇ. ಕೂತ ರೀತಿ ಬೇರೆಯಾದರೆ ನೋಟವೇ ಬೇರೆ. ಮೆಟಾಲಿಕ್ ಕಾರಿನಲ್ಲಿ ಬಾಗಿದ ಮೈಯ ಒಂದು ಭಾಗ ಬೆಳ್ಳಗೆ, ಪಕ್ಕದ ಭಾಗ ಕಡುಬೂದಾಗಿ ಕಾಣುವುದು ಇದರಿಂದಲೇ. ಪೇಂಟರುಗಳು ಈ ಬದಲಾವಣೆಯನ್ನು ‘ಫ್ಲಾಪ್’ ಎನ್ನುತ್ತಾರೆ. ಎದುರಿನ ಬಣ್ಣ ಹೊಂದಿದರೂ ಫ್ಲಾಪ್ ಹೊಂದದಿದ್ದರೆ ತೇಪೆ ಎದ್ದು ಕಾಣುತ್ತದೆ.

ಲೋಹದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುವ ಕಲೆ ಕರ್ನಾಟಕಕ್ಕೆ ಕಾರಿನ ಜತೆ ಬಂದದ್ದಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ದೇವರು, ಗೊಂಬೆ, ತೊಟ್ಟಿಲುಗಳ ಮೇಲೆ ತವರವನ್ನು ಅಂಟಿನೊಂದಿಗೆ ಬೆರೆಸಿ ಹಚ್ಚಿ, ಒಣಗಿದ ಮೇಲೆ ನುಣುಪಾದ ವಸ್ತುವಿನಿಂದ ತಿಕ್ಕಿ ಹೊಳಪು ತರುತ್ತಾರೆ. ತಿಕ್ಕಿದಾಗ ಲೋಹದ ಕಣಗಳು ಚಪ್ಪಟೆಯಾಗಿ ಒಂದೇ ಮಟ್ಟಕ್ಕೆ ಮಲಗುತ್ತವೆ, ಮಬ್ಬಾಗಿದ್ದ ಮೈ ಬೆಳ್ಳಿಯಂತೆ ಬೆಳಗುತ್ತದೆ. ಕಣವನ್ನು ಮಲಗಿಸುವುದೇ ಹೊಳಪಿನ ಗುಟ್ಟು ಎಂಬುದು ಆ ಕೈಗಳಿಗೆ ಎಂದೋ ಗೊತ್ತಿತ್ತು.

ಕಾರಿನ ಮಟ್ಟಕ್ಕೆ ಬೇಕಾದಷ್ಟು ನಯವಾದ ಚಕ್ಕೆ ಸಿಗಲು ಯಂತ್ರ ಬರಬೇಕಾಯಿತು. ಉಕ್ಕಿನ ತಯಾರಿಕೆಯಿಂದ ಹೆಸರಾದ ಹೆನ್ರಿ ಬೆಸೆಮರ್ ಅದಕ್ಕೂ ಮೊದಲು, 1840ರ ದಶಕದಲ್ಲಿ, ಚಿನ್ನದ ಬಣ್ಣಕ್ಕೆ ಬಳಸುವ ಕಂಚಿನ ಪುಡಿಯನ್ನು ಯಂತ್ರದಲ್ಲಿ ತಯಾರಿಸಿ ಹಣ ಮಾಡಿದ್ದ. ಅಲ್ಯೂಮಿನಿಯಂ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಒಣದಾಗಿ ಕುಟ್ಟಿದ ಅಲ್ಯೂಮಿನಿಯಂ ಹುಡಿ ಗಾಳಿಯಲ್ಲಿ ತೇಲಿದರೆ ಒಂದು ಕಿಡಿಗೆ ಸ್ಫೋಟಿಸುತ್ತದೆ. ಅಮೆರಿಕದ ಎವರೆಟ್ ಹಾಲ್ 1920ರ ದಶಕದಲ್ಲಿ ಇದಕ್ಕೆ ದಾರಿ ಕಂಡ. ಪೆಟ್ರೋಲಿಯಂ ಎಣ್ಣೆ ಮತ್ತು ಸ್ಟಿಯರಿಕ್ ಆಮ್ಲದಲ್ಲಿ ನೆನೆಸಿ, ಉಕ್ಕಿನ ಗುಂಡುಗಳಿರುವ ಪೀಪಾಯಿಯಲ್ಲಿ ಉರುಳಿಸಿದರೆ ಪುಡಿ ಸಿಡಿಯದೆ ಚಪ್ಪಟೆಯಾಗುತ್ತದೆ. ಇಂದಿನ ಮೆಟಾಲಿಕ್ ಬಣ್ಣದ ಚಕ್ಕೆಗಳೂ ಇದೇ ಬಗೆಯಲ್ಲಿ ತಯಾರಾಗುತ್ತವೆ.

ಹಾಗಾದರೆ ಬಾಟಲಿಯ ಬಣ್ಣ ಕಪ್ಪಾದದ್ದೇಕೆ?

ಕಾರ್ಖಾನೆಯಲ್ಲಿ ಬೇಸ್ ಕೋಟನ್ನು ಮಂಜಿನಂತೆ ತೆಳುವಾಗಿ ಹೊಡೆಯುತ್ತಾರೆ. ಹಸಿ ಬಣ್ಣದಲ್ಲಿ ಗಟ್ಟಿಯಾಗಿ ಉಳಿಯುವ ಅಂಶ ಸುಮಾರು ಐದನೇ ಒಂದು ಪಾಲು. ಮಿಕ್ಕಿದ್ದು ಹಾರಿಹೋಗುವ ದ್ರಾವಕ. ದ್ರಾವಕ ಹೋದಂತೆ ಪದರ ಮೇಲಿನಿಂದ ಕೆಳಕ್ಕೆ ಕುಗ್ಗುತ್ತದೆ, ಕುಗ್ಗುತ್ತಾ ಚಕ್ಕೆಗಳನ್ನು ಒತ್ತಿ ಮಲಗಿಸುತ್ತದೆ. ಕೊನೆಗೆ ಉಳಿಯುವ ಪದರದ ದಪ್ಪ 15 ಮೈಕ್ರಾನ್, ಚಕ್ಕೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ನಿಲ್ಲಬೇಕೆಂದರೂ ಅದಕ್ಕೆ ಜಾಗವಿಲ್ಲ. ಕುಂಚದಿಂದ ಇಟ್ಟ ಹನಿಯ ಕಥೆ ಬೇರೆ. ಅದರ ದಪ್ಪ ಇದರ ಹಲವು ಪಟ್ಟು. ಅಷ್ಟು ಆಳದಲ್ಲಿ ಚಕ್ಕೆಗಳು ಹೇಗೆ ಬೇಕಾದರೂ ಹೊರಳಬಹುದು. ಮೇಲ್ಮೈಯಿಂದ ದ್ರಾವಕ ಆರುತ್ತಿದ್ದಂತೆ ಅಲ್ಲಿ ತಂಪಾಗುತ್ತದೆ, ಮೇಲ್ಮೈ ಎಳೆತ ಬದಲಾಗುತ್ತದೆ, ಹನಿಯೊಳಗೆ ಚಿಕ್ಕ ಚಿಕ್ಕ ಸುಳಿಗಳು ಏಳುತ್ತವೆ. ಆ ಸುಳಿಗಳು ಚಕ್ಕೆಗಳನ್ನು ಎತ್ತಿ, ತಿರುಗಿಸಿ, ಅಂಚಿಗೆ ತಳ್ಳುತ್ತವೆ. ಒಣಗುವ ಹೊತ್ತಿಗೆ ಎಷ್ಟೋ ಚಕ್ಕೆಗಳು ಓರೆಯಾಗಿ ಸಿಕ್ಕಿಬಿದ್ದಿರುತ್ತವೆ. ಎದುರಿನಿಂದ ನೋಡಿದರೆ ಮಂಕು.

ಬಾಟಲಿಯನ್ನು ಸರಿಯಾಗಿ ಅಲುಗಿಸದಿದ್ದರೆ ಇನ್ನೂ ಕೆಡುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಥಿನ್ನರಾದರೋ ನೀರಿಗಿಂತ ಹಗುರ. ಚಕ್ಕೆಗಳೆಲ್ಲ ತಳಕ್ಕಿಳಿದು ಕೂರುತ್ತವೆ. ಮೇಲಿನ ಬಣ್ಣವನ್ನಷ್ಟೇ ಕುಂಚಕ್ಕೆ ತೆಗೆದುಕೊಂಡರೆ ಬೆಳ್ಳಿಯಿಲ್ಲದ ಬೆಳ್ಳಿ ಬಣ್ಣ ಬರುತ್ತದೆ. ಸ್ಪ್ರೇ ಡಬ್ಬಿಯೊಳಗೆ ಗುಂಡು ಇಟ್ಟಿರುವುದು ಇದಕ್ಕೇ. ಅದರ ಸದ್ದು ಕೇಳತೊಡಗಿದ ಮೇಲೂ ಎರಡು ನಿಮಿಷ ಅಲುಗಿಸಬೇಕು.

ಚಕ್ಕೆಗಳು ಮಲಗುವ ಈ ಬಗೆಯಿಂದಲೇ ಪೇಂಟರುಗಳ ಇನ್ನೊಂದು ಅನುಭವವೂ ಅರ್ಥವಾಗುತ್ತದೆ. ಒಂದೇ ಡಬ್ಬಿಯ ಬಣ್ಣವನ್ನು ಸ್ವಲ್ಪ ದೂರದಿಂದ, ಒಣದಾಗಿ ಹೊಡೆದರೆ ಬೆಳ್ಳಗೆ ಬರುತ್ತದೆ. ಹತ್ತಿರದಿಂದ ತೋಯುವಂತೆ ಹೊಡೆದರೆ ಕಪ್ಪಗೆ ಬರುತ್ತದೆ. ಒಣ ಹೊಡೆತದಲ್ಲಿ ಚಕ್ಕೆಗಳು ಬಿದ್ದಲ್ಲೇ ಚಪ್ಪಟೆಯಾಗಿ, ಮೇಲ್ಮೈಗೆ ಹತ್ತಿರವಾಗಿ ಕೂರುತ್ತವೆ. ಹಸಿ ಹೊಡೆತದಲ್ಲಿ ಅವುಗಳಿಗೆ ಮುಳುಗಲು, ಹೊರಳಲು ಕಾಲಾವಕಾಶ ಸಿಗುತ್ತದೆ. ಗನ್ನಿನ ಗಾಳಿಯ ಒತ್ತಡ, ಕೈಯ ವೇಗ, ಥಿನ್ನರಿನ ಜಾತಿ ಎಲ್ಲವೂ ಈ ಒಂದು ಅಂಶವನ್ನೇ ಬದಲಿಸುತ್ತವೆ: ಚಕ್ಕೆಗೆ ಮಲಗುವ ಮೊದಲು ಸಿಗುವ ಸಮಯ.

ಕಲಬುರಗಿಯ ಬಿಸಿಲು ಈ ಲೆಕ್ಕದೊಳಕ್ಕೆ ಬರುವುದು ಇಲ್ಲಿಯೇ. ಮೇ ತಿಂಗಳಲ್ಲಿ ನೆರಳಿನ ಉಷ್ಣಾಂಶವೇ 42 ಡಿಗ್ರಿ ದಾಟುವುದುಂಟು. ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ಟು 60 ಡಿಗ್ರಿ ಮೀರಿ ಕಾದು ಕೈ ಇಡಲಾಗದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಸ್ಪ್ರೇ ಹೊಡೆದರೆ ದ್ರಾವಕದ ಒಂದು ಪಾಲು ಹನಿ ಕಾರಿಗೆ ತಾಗುವ ಮೊದಲೇ ಹಾರಿಹೋಗುತ್ತದೆ. ಬಣ್ಣ ಬೇಕಾದ್ದಕ್ಕಿಂತ ಬೆಳ್ಳಗೆ, ಮರಳುಮರಳಾಗಿ ಬರುತ್ತದೆ. ಬೇಸಿಗೆಗೆಂದೇ ನಿಧಾನವಾಗಿ ಆರುವ ಥಿನ್ನರ್ ಅಂಗಡಿಯಲ್ಲಿ ಸಿಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತೊಂದರೆ ಬೇರೆ ರೂಪ ತಾಳುತ್ತದೆ. ಆರುತ್ತಿರುವ ದ್ರಾವಕ ಮೇಲ್ಮೈಯನ್ನು ಎಷ್ಟು ತಂಪು ಮಾಡುತ್ತದೆಂದರೆ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಇಳಿದು ಬಣ್ಣ ಹಾಲುಹಾಲಾಗುತ್ತದೆ. ಹೀಗಾಗಿ ಮನೆಯಲ್ಲಿ ಈ ಕೆಲಸ ಮಾಡುವವರಿಗೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಹೇಳಿ ಮಾಡಿಸಿದ ಕಾಲ. ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತು, ನೆರಳಲ್ಲಿ ನಿಂತು ತಣಿದ ಕಾರು, 25 ಡಿಗ್ರಿಯ ಆಸುಪಾಸು. ಡಬ್ಬಿಯ ಮೇಲಿನ ಸೂಚನೆಗಳು ಲೆಕ್ಕ ಹಾಕುವುದೂ ಹೆಚ್ಚುಕಡಿಮೆ ಇಂಥ ಹವೆಗೇ.

ಕೋಡ್ ಸರಿಯಿದ್ದ ಮಾತ್ರಕ್ಕೆ ಬಣ್ಣ ಒಂದೇ ಎನ್ನಲಾಗದು ಎಂಬುದಕ್ಕೆ ಪುರಾವೆ ಹೊಸ ಕಾರಿನಲ್ಲೇ ಸಿಗುತ್ತದೆ. ಬೆಳ್ಳಿ ಬಣ್ಣದ ಹೊಸ ಕಾರಿನ ಬಂಪರ್ ಮತ್ತು ಫೆಂಡರ್ ಕೂಡುವ ಜಾಗವನ್ನು ಬೆಳಗಿನ ಓರೆ ಬೆಳಕಿನಲ್ಲಿ ನೋಡಿದರೆ ಎಷ್ಟೋ ಸಲ ಎರಡು ಛಾಯೆಗಳು ಕಾಣುತ್ತವೆ. ಉಕ್ಕಿನ ಮೈಗೆ ಬಣ್ಣ ಹೊಡೆಯುವುದು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಗಂಟೆಯಾಕಾರದ ಯಂತ್ರಗಳು, ಹೆಚ್ಚಿನ ವಿದ್ಯುತ್ ಒತ್ತಡದಲ್ಲಿ; ಬೇಯಿಸುವುದು ಸುಮಾರು 140 ಡಿಗ್ರಿಯಲ್ಲಿ. ಪ್ಲಾಸ್ಟಿಕ್ ಬಂಪರ್ ಅಷ್ಟು ಕಾವು ತಡೆಯದು. ಅದಕ್ಕೆ ಸುಮಾರು 80 ಡಿಗ್ರಿ, ಬೇರೆ ಪ್ರೈಮರ್, ಅನೇಕ ವೇಳೆ ಬೇರೆ ಕಡೆಯೇ ಬಣ್ಣ. ಇದಲ್ಲದೆ ಒಂದೇ ಕೋಡಿನ ಬಣ್ಣ ವರ್ಷದಿಂದ ವರ್ಷಕ್ಕೆ, ಕಂತಿನಿಂದ ಕಂತಿಗೆ ಕೂದಲೆಳೆಯಷ್ಟು ಸರಿಯುತ್ತಿರುತ್ತದೆ. ಬಣ್ಣ ಕಲಸುವ ಅಂಗಡಿಯಲ್ಲಿ ಒಂದು ಕೋಡಿಗೆ ಒಂದೇ ಸೂತ್ರವಿರದೆ ‘ವೇರಿಯಂಟ್’ ಎಂಬ ಹಲವು ಸೂತ್ರಗಳೂ, ಬಣ್ಣದ ಚೀಟಿಗಳೂ ಇರುವುದು ಇದಕ್ಕಾಗಿ. ಕೋಡ್ ಹೇಳಿ ಸುಮ್ಮನಾಗುವ ಬದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಬಿಚ್ಚಿಕೊಂಡು ಅಂಗಡಿಗೆ ಹೋಗುವವರು ಜಾಣರು. ಕಾರಿನದೇ ಬಣ್ಣದ, ಕಾರಿನಷ್ಟೇ ಬಿಸಿಲುಂಡ ಮಾದರಿ ಕೈಯಲ್ಲಿದ್ದಂತಾಯಿತು. ಹೋಲಿಸಬೇಕಾದ್ದು ಅದರ ಹೊರಮೈಯನ್ನು, ಅದೂ ಪಾಲಿಷ್ ಮಾಡಿದ ಮೇಲೆ.

ದೊಡ್ಡ ಕಾರ್ಯಾಗಾರಗಳಲ್ಲಿ ಈ ಹೋಲಿಕೆಯನ್ನು ಉಪಕರಣ ಮಾಡುತ್ತದೆ. ಸಾದಾ ಬಣ್ಣಕ್ಕೆ ಒಂದು ಕೋನದ ಅಳತೆ ಸಾಕು. ಮೆಟಾಲಿಕ್‌ಗೆ ಕನ್ನಡಿಯ ಪ್ರತಿಫಲನದ ದಿಕ್ಕಿನಿಂದ 15, 25, 45, 75, 110 ಡಿಗ್ರಿ ದೂರದ ಐದು ಕೋನಗಳಲ್ಲಿ ಅಳೆಯುವುದು ರೂಢಿ. ಉಪಕರಣವಿಲ್ಲದವರೂ ಇದನ್ನೇ ಕಣ್ಣಿನಿಂದ ಮಾಡಬಹುದು: ಎದುರು ನಿಂತು ಒಮ್ಮೆ, ಓರೆಯಾಗಿ ಒಮ್ಮೆ, ಮೈಗೆ ಕೆನ್ನೆ ತಾಗುವಷ್ಟು ಬದಿಯಿಂದ ಇನ್ನೊಮ್ಮೆ. ಬೆಳಕೂ ಮುಖ್ಯ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡ ಎರಡು ಬಣ್ಣಗಳು ಹಗಲಿನಲ್ಲಿ ಬೇರೆಯಾಗಬಹುದು. ಎರಡರ ರಾಸಾಯನಿಕ ವರ್ಣಕಗಳು ಬೇರೆಯಾಗಿದ್ದು, ಒಂದು ಬೆಳಕಿನಲ್ಲಿ ಮಾತ್ರ ಅವುಗಳ ಮೊತ್ತ ಕಣ್ಣಿಗೆ ಸಮನಾಗಿ ಕಂಡಿರುತ್ತದೆ. ಬಯಲಿನ ನೆರಳಿನಲ್ಲಿ, ಆಕಾಶದ ಬೆಳಕಿನಲ್ಲಿ ನೋಡಿದರೆ ಬಣ್ಣ ತಿಳಿಯುತ್ತದೆ. ನೇರ ಬಿಸಿಲಿನಲ್ಲಿ ನೋಡಿದರೆ ಮಿನುಗು ತಿಳಿಯುತ್ತದೆ. ಎರಡೂ ಬೇಕು.

‘ಪರ್ಲ್’ ಎಂಬ ಹೆಸರಿನ ಬಿಳಿ, ಕೆಂಪು ಬಣ್ಣಗಳು ಇನ್ನೊಂದು ಹೆಜ್ಜೆ ಮುಂದೆ. ಅವುಗಳಲ್ಲಿ ಅಲ್ಯೂಮಿನಿಯಂಗೆ ಬದಲು, ಇಲ್ಲವೇ ಅದರ ಜತೆಗೆ, ಟೈಟಾನಿಯಂ ಡೈಆಕ್ಸೈಡ್ ಸವರಿದ ಅಭ್ರಕದ ಹಾಳೆಗಳಿರುತ್ತವೆ. ಆ ಲೇಪದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಲೇಪದ ಮೇಲ್ಗಡೆಯಿಂದಲೂ ಕೆಳಗಡೆಯಿಂದಲೂ ಮರಳಿದ ಬೆಳಕಿನ ಅಲೆಗಳು ಕೂಡಿ ಕೆಲವು ಬಣ್ಣಗಳನ್ನು ಹೆಚ್ಚಿಸುತ್ತವೆ, ಕೆಲವನ್ನು ಅಳಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಬಂದ ಸಿ.ವಿ. ರಾಮನ್ ಸ್ವಲ್ಪ ಕಾಲದಲ್ಲೇ ಚಿಪ್ಪುಗಳ ಒಳಮೈಯ ಇದೇ ಬಗೆಯ ಹೊಳಪಿನ ಬಗ್ಗೆ ಸರಣಿ ಪ್ರಬಂಧಗಳನ್ನು ಬರೆಯತೊಡಗಿದರು. ಮುತ್ತಿನ ಚಿಪ್ಪಿನಲ್ಲಿ ಆ ಬಣ್ಣ ಹುಟ್ಟುವುದು ಒಂದರ ಮೇಲೊಂದು ಕೂತ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳು ಹಾಳೆಗಳಿಂದ. ಶಹಾಬಾದಿನ ಕಲ್ಲೂ ಮುಖ್ಯವಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅಲ್ಲಿ ಹಾಳೆಗಳ ಆ ಜೋಡಣೆಯಿಲ್ಲ, ಹಾಗಾಗಿ ಬೂದು. ಕಾರ್ಖಾನೆಯಲ್ಲಿ ಅನೇಕ ಪರ್ಲ್ ಬಿಳಿಗಳನ್ನು ಬಿಳಿ ತಳ, ಪರ್ಲ್ ಪದರ, ಕ್ಲಿಯರ್ ಎಂದು ಮೂರು ಹಂತದಲ್ಲಿ ಹೊಡೆಯುತ್ತಾರೆ. ನಡುವಿನ ಪದರ ಒಂದು ಕೈ ಹೆಚ್ಚಾದರೂ ಛಾಯೆ ಬದಲಾಗುತ್ತದೆ. ಮನೆಯಲ್ಲಿ ಮಾಡುವವರು ಇಂಥ ಕಾರಿನಲ್ಲಿ ಕಲ್ಲೇಟಿನ ಚುಕ್ಕೆಯಷ್ಟನ್ನು ಮುಚ್ಚಿಕೊಂಡು, ದೊಡ್ಡ ಗೀರುಗಳನ್ನು ಅನುಭವಿ ಪೇಂಟರಿಗೆ ಬಿಡುವುದೇ ಸರಿ.

ಇಷ್ಟೆಲ್ಲ ಕೇಳಿದರೆ ಮನೆಯಲ್ಲಿ ಬಣ್ಣ ಹೊಂದಿಸುವುದು ಆಗದ ಮಾತು ಎನ್ನಿಸಬಹುದು. ಆದರೆ ಕಣ್ಣಿನ ಎರಡು ಗುಣಗಳು ಮನೆಗೆಲಸದವರ ಪರವಾಗಿವೆ.

ಮೊದಲನೆಯದು, ತೀರಾ ಚಿಕ್ಕ ಜಾಗದ ಬಣ್ಣವನ್ನು ಕಣ್ಣು ಸರಿಯಾಗಿ ಅಳೆಯಲಾರದು. ಒಂದು ಮೀಟರ್ ದೂರದಿಂದ ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಕನಿಷ್ಠ ಗಾತ್ರ ಸುಮಾರು 0.3 ಮಿಲಿಮೀಟರ್. ಅದರ ಕೆಲವು ಪಟ್ಟು ದೊಡ್ಡ ಚುಕ್ಕೆ ಕಂಡರೂ ಅದರ ಛಾಯೆಯ ಸೂಕ್ಷ್ಮ ವ್ಯತ್ಯಾಸ ಕಾಣುವುದಿಲ್ಲ. ಕಲ್ಲೇಟಿನ ಚುಕ್ಕೆ ಎದ್ದು ಕಾಣುವುದು ಬೆಳ್ಳಿಯ ನಡುವೆ ಕಪ್ಪಾಗಿರುವುದರಿಂದ, ಮತ್ತು ಗುಳಿಯ ಅಂಚು ನೆರಳು ಕೆಡವುವುದರಿಂದ. ಗುಳಿ ತುಂಬಿ ಮಟ್ಟವಾದರೆ, ಬಣ್ಣ ಒಂದು ಛಾಯೆ ಮಂಕಾಗಿದ್ದರೂ ಎರಡು ಹೆಜ್ಜೆ ದೂರದಿಂದ ಯಾರಿಗೂ ಗೊತ್ತಾಗದು. ಬಾಟಲಿಯ ಕುಂಚದಿಂದ ಸವರುವುದು ತಪ್ಪಾಗುವುದು ಇಲ್ಲಿಯೇ: ಒಂದು ಮಿಲಿಮೀಟರ್ ಗುಳಿಗೆ ಅದು ಐದು ಮಿಲಿಮೀಟರ್ ಮಚ್ಚೆ ಹಚ್ಚುತ್ತದೆ. ಕುಂಚವನ್ನು ಬದಿಗಿಟ್ಟು ಹಲ್ಲುಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ಗುಳಿಯ ಒಳಗೆ ಮಾತ್ರ ಮುಟ್ಟಿಸಬೇಕು. ಒಣಗಿ ಕುಗ್ಗಿದ ಮೇಲೆ ಮತ್ತೊಂದು ಹನಿ, ಆಮೇಲೆ ಇನ್ನೊಂದು. ಒಂದೇ ದಪ್ಪ ಹನಿಗಿಂತ ಹಲವು ತೆಳು ಹನಿಗಳಲ್ಲಿ ಚಕ್ಕೆಗಳೂ ಚೆನ್ನಾಗಿ ಮಲಗುತ್ತವೆ. ಕೊನೆಯ ಹನಿಗಳು ಕ್ಲಿಯರ್‌ನದಾಗಿರಬೇಕು. ಅದು ಸುತ್ತಲಿನ ಮೈಗಿಂತ ಕೂದಲೆಳೆಯಷ್ಟು ಮೇಲೆ ಉಬ್ಬಿ ಒಣಗಿದ ಮೇಲೆ 2000 ಅಥವಾ 3000 ನಂಬರಿನ ವಾಟರ್ ಪೇಪರ್ ನೀರಲ್ಲಿ ನೆನೆಸಿ ಹಗುರವಾಗಿ ಉಜ್ಜಿ, ಕಂಪೌಂಡ್ ಹಾಕಿ ಒರೆಸಿದರೆ ಮಟ್ಟವಾಗುತ್ತದೆ. ಉಜ್ಜುವುದು ಕ್ಲಿಯರನ್ನು ಮಾತ್ರ. ಪೇಪರ್ ಬೇಸ್ ಕೋಟನ್ನು ಮುಟ್ಟಿತೋ, ಚಕ್ಕೆಗಳು ತುಂಡಾಗಿ ಚದುರಿ ಅಲ್ಲೊಂದು ಕಪ್ಪು ಗೆರೆ ಬೀಳುತ್ತದೆ.

ಎರಡನೆಯ ಗುಣ ಇನ್ನೂ ಮುಖ್ಯವಾದದ್ದು. ಕಣ್ಣು ಹುಡುಕುವುದು ಅಂಚನ್ನು. ಎರಡು ಛಾಯೆಗಳ ನಡುವೆ ಚೂಪಾದ ಗೆರೆಯಿದ್ದರೆ ಆ ವ್ಯತ್ಯಾಸವನ್ನು ಕಣ್ಣು ಇರುವುದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಅರ್ನ್ಸ್ಟ್ ಮಾಕ್ 1865ರಲ್ಲಿ ವಿವರಿಸಿದ ಸಂಗತಿ ಇದು. ಅದೇ ವ್ಯತ್ಯಾಸ ಒಂದು ಮೊಳದ ಉದ್ದಕ್ಕೆ ಮೆಲ್ಲಗೆ ಹರಡಿದ್ದರೆ ಕಣ್ಣಿಗೆ ಅದರ ಸುಳಿವೇ ಸಿಗದು. ಪೇಂಟರುಗಳ ‘ಬ್ಲೆಂಡಿಂಗ್’ ನಿಂತಿರುವುದು ಇದರ ಮೇಲೆ. ಗೀರಿನ ಮೇಲೆ ಪೂರ್ತಿ ಬಣ್ಣ, ಅದರಾಚೆಗೆ ಕೈ ಬೀಸುತ್ತ ತೆಳುವಾಗುವ ಮಂಜು, ಕೊನೆಗೆ ಏನೂ ಇಲ್ಲ. ಕ್ಲಿಯರ್ ಮಾತ್ರ ಇಡೀ ಪ್ಯಾನೆಲಿನ ಮೇಲೆ. ಸಾದಾ ಬಣ್ಣಕ್ಕೆ ಮಾಡುವಂತೆ ಮಾಸ್ಕಿಂಗ್ ಟೇಪಿನಿಂದ ಗೀರಿನ ಸುತ್ತ ಚೌಕ ಹಾಕಿ ಹೊಡೆಯುವುದು ಮೆಟಾಲಿಕ್‌ಗೆ ಅತಿ ಕೆಟ್ಟ ವಿಧಾನ. ಆ ಚೌಕವನ್ನೇ ಕಣ್ಣು ಹಿಡಿಯುತ್ತದೆ. ನಿಲ್ಲಿಸಲೇಬೇಕಾದರೆ ಬಾಗಿಲಿನ ಸಂದಿಯಲ್ಲೋ, ಮೈ ಮಡಿಚಿದ ಗೆರೆಯಲ್ಲೋ, ಬೀಡಿಂಗಿನ ಅಡಿಯಲ್ಲೋ ನಿಲ್ಲಿಸಬೇಕು. ಅಲ್ಲಿ ಹೇಗೂ ಬೆಳಕು ಮುರಿಯುತ್ತದೆ.

ಕೆಲಸ ಶುರುಮಾಡುವ ಮುಂಚೆ ಈ ಸೀಮೆಯ ಕಾರಿಗೆ ಆಗಲೇಬೇಕಾದ ಒಂದು ಉಪಚಾರವಿದೆ. ಸಿಮೆಂಟಿನ ಹುಡಿ ಒಣಗಿದ್ದಾಗ ಬರೀ ಧೂಳು. ಅದರ ಮೇಲೆ ಇಬ್ಬನಿ ಬಿದ್ದರೆ ಅದೇ ಸಿಮೆಂಟಾಗಿ ಗಟ್ಟಿಯಾಗತೊಡಗುತ್ತದೆ, ಜತೆಗೆ ಬಿಡುಗಡೆಯಾಗುವ ಸುಣ್ಣದಿಂದ ನೀರಿನ ಪಿಎಚ್ 12 ದಾಟುತ್ತದೆ. ಅಷ್ಟು ಕ್ಷಾರ ಕ್ಲಿಯರ್ ಕೋಟನ್ನು ನಿಧಾನವಾಗಿ ಮಬ್ಬು ಮಾಡುತ್ತದೆ. ಕ್ಲಿಯರ್ ಒಡೆದ ಜಾಗದಲ್ಲಿ ಕೇಡು ಹೆಚ್ಚು, ಏಕೆಂದರೆ ಕ್ಷಾರಕ್ಕೂ ಅಲ್ಯೂಮಿನಿಯಂಗೂ ಆಗುವುದಿಲ್ಲ. ಎರಡು ಸೇರಿದರೆ ಲೋಹ ಕರಗಿ ಹೈಡ್ರೋಜನ್ ಹೊರಬರುತ್ತದೆ. ಮನೆ ಕಟ್ಟಲು ಈಗ ಬಳಸುವ ಹಗುರ ಎಎಸಿ ಬ್ಲಾಕುಗಳು ಉಬ್ಬುವುದು ಈ ಕ್ರಿಯೆಯಿಂದಲೇ, ಸಿಮೆಂಟ್ ಮಿಶ್ರಣಕ್ಕೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಹಾಕಿ. ಬ್ಲಾಕಿಗೆ ಒಳ್ಳೆಯದಾದದ್ದು ಬಣ್ಣದೊಳಗಿನ ಚಕ್ಕೆಗೆ ಕೇಡು. ಕಲ್ಲೇಟು ಬಿದ್ದ ಜಾಗವನ್ನು ಬೇಗ ಮುಚ್ಚುವುದಕ್ಕೆ ತುಕ್ಕಿನಷ್ಟೇ ಇದೂ ಕಾರಣವಾಗಬೇಕು.

ಧೂಳನ್ನು ಒಣ ಬಟ್ಟೆಯಿಂದ ಎಂದೂ ಒರೆಸಬಾರದು. ಸುಣ್ಣಕಲ್ಲಿನ ಕಣ ಮೆದುವೇ, ಆದರೆ ರಸ್ತೆಯ ಮಣ್ಣಿನಲ್ಲಿ ಬೆರೆತ ಬೆಣಚುಕಲ್ಲಿನ ಹರಳಿನ ಗಡಸುತನ ಮೋಸ್ ಅಳತೆಯಲ್ಲಿ 7, ಗಾಜಿಗಿಂತ ಹೆಚ್ಚು. ಮೊದಲು ಧಾರಾಳವಾಗಿ ನೀರು ಸುರಿಯಬೇಕು, ಆಮೇಲೆ ಕಾರಿನ ಶಾಂಪೂ. ಅಂಟಿ ಗಟ್ಟಿಯಾದ ಸಿಮೆಂಟಿನ ಚುಕ್ಕೆಗಳಿಗೆ ನೀರು ಬೆರೆಸಿದ ವಿನೆಗರ್ ಕೆಲಸ ಮಾಡುತ್ತದೆ. ಅದರ ಅಸಿಟಿಕ್ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಕೆಲವು ನಿಮಿಷ ಇಟ್ಟು ಕೂಡಲೇ ತೊಳೆಯಬೇಕು, ಬಣ್ಣ ಹೋಗಿ ಲೋಹ ಕಾಣುತ್ತಿರುವ ಕಡೆ ತಾಗಿಸಬಾರದು. ಇಷ್ಟಾದ ಮೇಲೆ ಕಂಪೌಂಡಿನಿಂದ ಒಮ್ಮೆ ಪಾಲಿಷ್. ಎಷ್ಟೋ ಕಾರುಗಳ ‘ನಿಜವಾದ’ ಬಣ್ಣ ಮಾಲೀಕರಿಗೆ ಕಾಣುವುದೇ ಆಗ. ಹೊಂದಿಸಬೇಕಾದ್ದು ಆ ಬಣ್ಣಕ್ಕೆ, ಧೂಳಿನ ಪೊರೆಯ ಬಣ್ಣಕ್ಕಲ್ಲ.

ಗೀರು ದೊಡ್ಡದಿದ್ದು ಸ್ಪ್ರೇ ಡಬ್ಬಿ ಹಿಡಿಯುವವರು ಕಾರಿನ ಮೇಲೆ ಹೊಡೆಯುವ ಮುನ್ನ ತಗಡಿನ ತುಂಡೊಂದರ ಮೇಲೆ ಹೊಡೆದು ನೋಡಲೇಬೇಕು. ಅದಕ್ಕೂ ಕಾರಿಗೆ ಹಚ್ಚುವ ಬೂದು ಪ್ರೈಮರನ್ನೇ ಹಚ್ಚಿರಬೇಕು, ಏಕೆಂದರೆ ತೆಳು ಬೆಳ್ಳಿಯ ಮೂಲಕ ತಳದ ಬಣ್ಣ ಇಣುಕುತ್ತದೆ. 20-25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಎರಡು ಕೈ, ನಡುವೆ ಹತ್ತು ನಿಮಿಷ ಬಿಡುವು. ತಗಡಿನ ಒಂದು ಭಾಗಕ್ಕೆ ಮೂರನೆಯದು, ಅದರಲ್ಲೂ ಒಂದು ಭಾಗಕ್ಕೆ ಇನ್ನೂ ದೂರದಿಂದ ಒಣ ಮಂಜಿನಂಥ ಕೊನೆಯ ಕೈ. ಈ ಕೊನೆಯ ಮಂಜೇ ಮೋಡಮೋಡವಾಗಿ ಕೂತ ಚಕ್ಕೆಗಳನ್ನು ಸಮನಾಗಿಸುತ್ತದೆ. ಬೇಸ್ ಕೋಟ್ ಒಣಗಿದಾಗ ಮ್ಯಾಟ್ ಆಗಿ, ಬೇರೆಯೇ ಬಣ್ಣದಂತೆ ಕಾಣುವುದು ಸಹಜ. ಅದನ್ನು ನೋಡಿ ಗಾಬರಿಯಾಗಿ ಮತ್ತಷ್ಟು ಹೊಡೆಯುವವರೇ ಹೆಚ್ಚು. ಕ್ಲಿಯರ್ ಬಿದ್ದ ಮೇಲೆಯೇ ಬಣ್ಣದ ಆಳ ತೆರೆಯುತ್ತದೆ, ಹೋಲಿಕೆಯನ್ನೂ ಆಗಲೇ ಮಾಡಬೇಕು. ತುಂಡನ್ನು ಕಾರಿನ ಮೈಗೆ, ಅದೇ ಬಾಗಿನಲ್ಲಿ, ಅಂಟಿಸಿದಂತೆ ಹಿಡಿದು ಮೂರು ಕೋನದಿಂದ ನೋಡಿದರೆ ಯಾವ ಭಾಗ ಹೊಂದುತ್ತದೆಂದು ತಿಳಿಯುತ್ತದೆ.

ಕ್ಲಿಯರ್ ಬಗ್ಗೆ ಒಂದು ಎಚ್ಚರಿಕೆ. ಹಾರ್ಡನರ್ ಬೆರೆಸುವ, ‘ಟೂ-ಕೆ’ ಎಂದು ಕರೆಯುವ ಕ್ಲಿಯರ್ ಬಾಳಿಕೆಯಲ್ಲಿ ಉತ್ತಮ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರುತ್ತದೆ. ಬಟ್ಟೆಯ ಮಾಸ್ಕು, ಮೂಗಿಗೆ ಕಟ್ಟಿದ ಟವೆಲ್ಲು ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಿಂದ ಒದಗಿಸುವ ಮುಖವಾಡ ತೊಟ್ಟೇ ಇದನ್ನು ಹೊಡೆಯಬೇಕಾದ್ದು. ಜಿಲ್ಲೆಯ ಸಣ್ಣ ಶೆಡ್ಡುಗಳಲ್ಲಿ ಬರಿಮುಖದಲ್ಲಿ ಗನ್ ಹಿಡಿದು ದುಡಿಯುವ ಹುಡುಗರನ್ನು ನೆನೆದರೆ ಇದನ್ನು ಒತ್ತಿ ಹೇಳಲೇಬೇಕಾಗುತ್ತದೆ. ಮನೆಯಂಗಳದಲ್ಲಿ ಕೆಲಸ ಮಾಡುವವರು ಹಾರ್ಡನರ್ ಇಲ್ಲದ ಸಾದಾ ಕ್ಲಿಯರ್ ಡಬ್ಬಿಯನ್ನು ಬಯಲಿನಲ್ಲಿ, ಮಕ್ಕಳನ್ನೂ ಒಲೆಯ ಕಿಡಿಯನ್ನೂ ದೂರವಿಟ್ಟು ಬಳಸುವುದು ಕ್ಷೇಮ. ಹೊಳಪು ಒಂದೆರಡು ವರ್ಷ ಬೇಗ ಮಾಸಿದರೂ ಚಿಂತೆಯಿಲ್ಲ.

ಹೊಸ ಕ್ಲಿಯರ್ ಮೇಲೆ ಒಂದು ತಿಂಗಳು ವ್ಯಾಕ್ಸ್ ಹಚ್ಚಬಾರದು. ಒಳಗಿನ ದ್ರಾವಕ ಇನ್ನೂ ಹೊರಬರುತ್ತಿರುತ್ತದೆ. ಹೊಂದಿಕೆಯಾದ ತಗಡಿನ ತುಂಡನ್ನು ಎಸೆಯದೆ, ಅದರ ಹಿಂದೆ ಬಣ್ಣದ ಕೋಡ್, ವೇರಿಯಂಟ್, ಎಷ್ಟು ಕೈ ಹೊಡೆದದ್ದು, ಎಷ್ಟು ದೂರದಿಂದ, ಯಾವ ತಿಂಗಳ ಯಾವ ಹೊತ್ತಿನಲ್ಲಿ ಎಂಬುದನ್ನು ಬರೆದು ಕಾರಿನ ಕಾಗದಪತ್ರಗಳ ಜತೆ ಇಡಬೇಕು. ಆರು ತಿಂಗಳ ಬಳಿಕ ಅದೇ ಬಾಟಲಿಯನ್ನು ಮತ್ತೆ ತೆರೆದಾಗ ಕೋಡಿಗಿಂತ ಆ ಬರಹವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.